ಬ್ರಾಂದಿ ಅಂಗಡಿಗೆ ಬೋರ್ಡುಂಟು, ಬಿಡಿಸುವ ಬಾಗಿಲಿಗೆ ಎಲ್ಲುಂಟು?

ಸಂತೆ ದಿನ. ಬೆಳಗ್ಗೆ ಒಂಬತ್ತೂವರೆ ಗಂಟೆ. ನಮ್ಮ ಜಿಲ್ಲೆಯ ಒಂದು ಬಸ್ ಸ್ಟ್ಯಾಂಡು. ಯಾವ ಊರಿನದ್ದು ಅಂತ ಹೆಸರು ಬೇಡ. ಇವತ್ತು ಹೇಳಹೊರಟಿರುವುದು ಒಂದೇ ಊರಿನ ಕತೆಯಲ್ಲ.

ಗೂಡಂಗಡಿ ಎದುರು ಲೈನ್‌ಮನೆಯ ಹೆಂಗಸೊಬ್ಬಳು ನಿಂತಿದ್ದಳು. ಪಕ್ಕದ ಕಲ್ಲುಬೆಂಚಿನ ಮೇಲೆ ಗಂಡ. ವಯಸ್ಸು ನಲವತ್ತು ದಾಟಿರಲಿಕ್ಕಿಲ್ಲ, ಮುಖ ನೋಡಿದರೆ ಅರವತ್ತು ಅನ್ನಬೇಕು. ಚಾ ಗ್ಲಾಸು ಹಿಡಿಯಲಾರದಷ್ಟು ಕೈ ನಡುಕ. ಹಿಂದಿನ ಸಂಜೆಯಿಂದ ಒಂದು ತೊಟ್ಟೂ ಕುಡಿದಿಲ್ಲವಂತೆ. ಇನ್ನು ಮುಟ್ಟೋದಿಲ್ಲ ಅಂತ ಮಗಳ ತಲೆ ಮುಟ್ಟಿ ಆಣೆ ಮಾಡಿದ್ದಾನಂತೆ.

"ಅಣ್ಣಾ, ಈ ಕುಡಿತ ಬಿಡಿಸೋ ಆಸ್ಪತ್ರೆ ಎಲ್ಲುಂಟು?" ಅಂತ ಆಕೆ ಕೇಳಿದಳು.

ಗೂಡಂಗಡಿಯವರು ಒಳ್ಳೆಯ ಮನುಷ್ಯ. "ಅದೆಲ್ಲ ಬೆಂಗಳೂರಲ್ಲಿ ಅಕ್ಕಾ, ನಮ್ಮಲ್ಲೆಲ್ಲಿ" ಅಂದರು. ಬೀಡಿ ತಗೊಳ್ಳೋಕೆ ಬಂದಿದ್ದ ಕಂಡಕ್ಟರು ಕೇರಳದ ಕಡೆಯ ಒಂದು ದೇವಸ್ಥಾನದ ಹೆಸರು ಹೇಳಿ, ಅಲ್ಲಿ ದಾರ ಕಟ್ಟಿಸಿದರೆ ಬಿಡ್ತಾರೆ ಅಂದರು. ಆಟೋದವರು ಲೈಟುಕಂಬಕ್ಕೆ ಅಂಟಿಸಿದ್ದ ಹಳದಿ ಚೀಟಿ ತೋರಿಸಿದರು. ಕುಡುಕರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು, ಗ್ಯಾರಂಟಿ, ಕೆಳಗೆ ಒಂದು ಫೋನ್ ನಂಬರು. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು, "ಎಂಥ ಆಸ್ಪತ್ರೆ ಮಾರಾಯ್ತಿ, ಮೂರು ದಿನ ರೂಮಿಗೆ ಹಾಕಿ ಬೀಗ ಜಡಿ, ತನ್ನಿಂತಾನೆ ಸರಿ ಹೋಗ್ತಾನೆ" ಅಂತ ತೀರ್ಪು ಕೊಟ್ಟರು.

ನಾಲ್ಕು ಜನ, ನಾಲ್ಕು ವಿಳಾಸ. ಮಡಿಕೇರಿಯ ಜಿಲ್ಲಾಸ್ಪತ್ರೆ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ದಿನಾ ಊರ ಸುದ್ದಿ ಬರೆಯುವ ನಮಗೂ ಅದು ತಕ್ಷಣ ಹೊಳೆಯಲಿಲ್ಲ. ಅದೇ ಆಕೆ ಬ್ರಾಂದಿ ಅಂಗಡಿ ಎಲ್ಲುಂಟು ಅಂತ ಕೇಳಿದ್ದರೆ? ಐದು ವರ್ಷದ ಮಗುವೂ ಕೈ ತೋರಿಸುತ್ತಿತ್ತು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಗಾದೆ ನಮ್ಮ ಜಿಲ್ಲೆಗೆ ಸರಿಯಾಗಿ ಒಪ್ಪುತ್ತದೆ. ಕುಡಿತ ಬಿಡಿಸುವ ಔಷಧಿ ಉಂಟು, ಡಾಕ್ಟರುಂಟು, ಕಾನೂನುಂಟು, ಫೋನ್ ನಂಬರುಂಟು. ಇಲ್ಲದ್ದು ಒಂದೇ. ಬೇಕಾದವರಿಗೆ ಬೇಕಾದ ಹೊತ್ತಿಗೆ ಆ ಬಾಗಿಲು ಎಲ್ಲಿದೆ ಅಂತ ಗೊತ್ತಾಗುವ ಏರ್ಪಾಡು.

ಸಂಪ್ರದಾಯಕ್ಕೆ ಬೈಯುವುದಲ್ಲ

ಕೊಡಗಿನಲ್ಲಿ ಕುಡಿತದ ವಿಷಯ ಬರೆದರೆ ತಕ್ಷಣ ಕೆಲವರಿಗೆ ಸಿಟ್ಟು ಬರುತ್ತದೆ. ಗುರುಕಾರೋಣರಿಗೆ ಮೀದಿ ಇಡುವಾಗ, ಕೈಲ್‌ಪೊಳ್ದ್‌ನಲ್ಲಿ, ಪುತ್ತರಿಯಲ್ಲಿ, ಮದುವೆ ಮನೆಯಲ್ಲಿ ಮದ್ಯ ನಮ್ಮ ಪದ್ಧತಿ, ಅದಕ್ಕೂ ಅಡ್ಡಬರುತ್ತೀರಾ ಅನ್ನುತ್ತಾರೆ. ಸ್ವಾಮಿ, ನಾವು ಪದ್ಧತಿಯ ತಂಟೆಗೆ ಹೋಗುತ್ತಿಲ್ಲ. ಹಬ್ಬಕ್ಕೆ ಒಂದು ಗ್ಲಾಸು ತೆಗೆದುಕೊಂಡು ಮರುದಿನ ತೋಟಕ್ಕೆ ಹೋಗುವವರ ಬಗ್ಗೆ ಈ ಲೇಖನ ಅಲ್ಲ. ಬೆಳಗ್ಗೆ ಹಲ್ಲುಜ್ಜುವ ಮೊದಲು ಒಂದು ಕ್ವಾರ್ಟರಿನ ಅರ್ಧ ಬಾಯಿಗೆ ಬೀಳದಿದ್ದರೆ ಕೈ ಅಲ್ಲಾಡುವವರ ಬಗ್ಗೆ. ಅಂಥವರು ದೊಡ್ಡ ಮನೆಯಲ್ಲೂ ಇದ್ದಾರೆ, ಲೈನ್‌ಮನೆಯಲ್ಲೂ ಇದ್ದಾರೆ. ದೊಡ್ಡ ಮನೆಯವರನ್ನು ರಾತ್ರೋರಾತ್ರಿ ಕಾರಿನಲ್ಲಿ ಬೆಂಗಳೂರಿಗೋ ಮಂಗಳೂರಿಗೋ ಕರೆದುಕೊಂಡು ಹೋಗುತ್ತಾರೆ, ಊರಿಗೆ ಗೊತ್ತಾಗುವುದಿಲ್ಲ. ಲೈನ್‌ಮನೆಯವರದ್ದು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಕಣ್ಣೆದುರು.

ಈ ಜಿಲ್ಲೆಯಲ್ಲಿ ಕುಡಿಯಲು ಕಾರಣಕ್ಕೆ ಬರಗಾಲ ಇಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಮೇಲೆ ಚಳಿ, ಆಮೇಲೆ ಕಾಫಿ ಕೊಯ್ಲಿನ ಮೈಕೈ ನೋವು. ವಾರದ ಬಟವಾಡೆ, ವಾರದ ಸಂತೆ, ಸಂತೆಗೆ ಹೋಗುವ ದಾರಿಯಲ್ಲೇ ವೈನ್‌ಶಾಪು. ಅಕ್ಕಿ ಮೀನು ಮನೆಗೆ ಹೋಗುವ ಮೊದಲೇ ಬಟವಾಡೆ ಅರ್ಧ ಕರಗಿರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹೆಂಗಸರು ಸಂತೋಷಪಟ್ಟರು. ಸಾರಾಯಿ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬ್ರಾಂದಿಯ 90 ಮಿಲಿ, 180 ಮಿಲಿ ಪೊಟ್ಟಣ ಬಂತು. ಚಟ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಈಗೀಗ ಗಾಂಜಾ, ಎಂಡಿಎಂಎ ಪುಡಿಯ ಕೇಸುಗಳನ್ನೂ ನಾವೇ ಬರೆಯುತ್ತಿದ್ದೇವೆ. ಹಿಡಿದ ಸುದ್ದಿ ಮೊದಲ ಪುಟಕ್ಕೆ. ಹಿಡಿದ ಮೇಲೆ ಆ ಹುಡುಗನ ಚಟಕ್ಕೆ ಮದ್ದು ಎಲ್ಲಿ ಅನ್ನುವ ಸುದ್ದಿ ಯಾವ ಪುಟಕ್ಕೂ ಇಲ್ಲ. ಇದು ನಮ್ಮ ತಪ್ಪೂ ಹೌದು.

ಲೆಕ್ಕ ಏನು ಹೇಳುತ್ತದೆ

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಆಸ್ಪತ್ರೆಯಿಂದ ಇಡೀ ದೇಶದ ಸಮೀಕ್ಷೆ ಮಾಡಿಸಿ 2019ರಲ್ಲಿ ವರದಿ ಪ್ರಕಟಿಸಿತು. 10ರಿಂದ 75 ವರ್ಷದವರಲ್ಲಿ ನೂರಕ್ಕೆ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನಕ್ಕೆ ಕುಡಿತದಿಂದ ಹಾನಿಯಾಗಿ ಚಿಕಿತ್ಸೆ ಸಹಾಯ ಬೇಕಾಗಿದೆ. ಕುಡಿತಕ್ಕೆ ದಾಸರಾದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಒಂದು ಬಸ್ಸಿನಲ್ಲಿ ಸುಮಾರು ಐವತ್ತು ಸೀಟು. ಬಸ್ಸಿನ ತುಂಬ ಇಂಥ ರೋಗಿಗಳೇ ಕೂತಿದ್ದಾರೆ ಅಂತ ಇಟ್ಟುಕೊಳ್ಳಿ. ಆಸ್ಪತ್ರೆ ಸ್ಟಾಪಿನಲ್ಲಿ ಇಳಿಯುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಉಳಿದವರೆಲ್ಲ ಸ್ಟಾಪು ಗೊತ್ತಿಲ್ಲದೆ ಮುಂದಕ್ಕೆ ಹೋಗುತ್ತಾರೆ.

ಬೀಗ ಹಾಕಿದರೆ ಪ್ರಾಣಕ್ಕೇ ಸಂಚಕಾರ

ಆ ಹಿರಿಯರು ಹೇಳಿದ ಬೀಗದ ಮಾತಿಗೆ ಬರೋಣ. ಇದನ್ನು ನಂಬಿದವರು ಮನೆಮನೆಯಲ್ಲಿದ್ದಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ವರ್ಷಗಟ್ಟಲೆ ದಿನಾ ಕುಡಿದವನ ಮೆದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಒಂದೇ ಏಟಿಗೆ ನಿಲ್ಲಿಸಿದರೆ ಅದು ಕೆರಳುತ್ತದೆ. ಕೆಲವು ಗಂಟೆಯಲ್ಲೇ ಕೈ ನಡುಕ, ಬೆವರು, ವಾಂತಿ, ನಿದ್ರೆ ಇಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಬುದ್ಧಿಭ್ರಮಣೆ. ಗೋಡೆ ಮೇಲೆ ಹುಳ ಹರಿದಾಡಿದ ಹಾಗೆ ಕಾಣುತ್ತದೆ, ಇಲ್ಲದವರ ಮಾತು ಕೇಳಿಸುತ್ತದೆ, ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ, ಮೈ ಕಾದ ಬಾಣಲೆಯಾಗುತ್ತದೆ. ಆಗ ಮನೆಯವರು ಏನು ಮಾಡುತ್ತಾರೆ? ಏನೋ ಮೆಟ್ಟಿಕೊಂಡಿದೆ ಅಂತ ಮಂತ್ರವಾದಿಯ ಹತ್ತಿರ ಓಡುತ್ತಾರೆ. ಮೆಟ್ಟಿಕೊಂಡದ್ದು ಯಾವ ದೆವ್ವವೂ ಅಲ್ಲ. ಡಾಕ್ಟರರ ಲೆಕ್ಕದಲ್ಲಿ ಅದು ತುರ್ತು ಕೇಸು. ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗಬಹುದು. ಕುಡಿತ ಬಿಟ್ಟೇ ಸತ್ತ ಅಂತ ಊರಿನಲ್ಲಿ ಆಗಾಗ ಮಾತು ಬರುತ್ತದಲ್ಲ, ಅದರ ಹಿಂದೆ ಇಂಥ ಬೀಗದ ಕೋಣೆ ಇರುವುದುಂಟು.

ಹಾಗಂತ ಹೆದರಿ ಬಾಟ್ಲಿ ಕೊಡಬೇಕಾಗಿಲ್ಲ. ಆಸ್ಪತ್ರೆಯಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ದಿನದಿನ ಕಮ್ಮಿ ಮಾಡುತ್ತಾ ಬರುತ್ತಾರೆ. ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಈ ಘಟ್ಟ ದಾಟುತ್ತದೆ. ಜೊತೆಗೆ ಬಿ-1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಅನ್ನ ಬಿಟ್ಟು ಬರೀ ಕುಡಿದವನ ಮೈಯಲ್ಲಿ ಈ ವಿಟಮಿನ್ ಬರಿದಾಗಿರುತ್ತದೆ. ಅಂಥವನಿಗೆ ಇದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳುವ ಅಪಾಯ ಉಂಟು. ಸುಸ್ತಾಗಿದ್ದಾನೆ, ಒಂದು ಬಾಟ್ಲಿ ಗ್ಲುಕೋಸ್ ಹಾಕಿಬಿಡಿ ಅಂತ ಕಂಡಕಂಡಲ್ಲಿ ಕೇಳುವವರು ಇದನ್ನು ನೆನಪಿಡಬೇಕು. ದಿನಾ ಕುಡಿಯುತ್ತಾನೆ ಅನ್ನುವುದನ್ನು ಡಾಕ್ಟರ ಹತ್ತಿರ ಮಾನಕ್ಕಂಜಿ ಮುಚ್ಚಿಡಬಾರದು.

ಹಳದಿ ಚೀಟಿಯ ಗ್ಯಾರಂಟಿ

ಈಗ ಲೈಟುಕಂಬದ ಚೀಟಿ. ರೋಗಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ ಅನ್ನುವ ಪುಡಿ. ಒಳಗೆ ಏನಿರುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅನ್ನುವ ನಿಜವಾದ ಔಷಧಿ ಒಂದುಂಟು. 1948ರಲ್ಲಿ ಡೆನ್ಮಾರ್ಕಿನ ವೈದ್ಯರು ಇದರ ವಿಷಯ ಲೋಕಕ್ಕೆ ತಿಳಿಸಿದರು. ಇದನ್ನು ನುಂಗಿದ ಮೇಲೆ ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆ ಭಯವೇ ಕಾವಲು. ಆದರೆ ಡಾಕ್ಟರು ಹೃದಯ, ಲಿವರ್ ಪರೀಕ್ಷೆ ಮಾಡಿ, ರೋಗಿಗೆ ಎಲ್ಲ ತಿಳಿಸಿ, ಅವನು ಒಪ್ಪಿದ ಮೇಲೆ ಮಾತ್ರ ಇದನ್ನು ಕೊಡುತ್ತಾರೆ. ಗೊತ್ತಿಲ್ಲದವನಿಗೆ ಸಾರಿನಲ್ಲಿ ಬೆರೆಸಿ ಕೊಟ್ಟರೆ, ಅವನು ಎಂದಿನಂತೆ ಹೋಗಿ ಕುಡಿದರೆ, ವೈನ್‌ಶಾಪಿನ ಜಗಲಿಯಲ್ಲೇ ಪ್ರಾಣಾಪಾಯ ಆಗಬಹುದು. ಕೊಟ್ಟವಳು ಹೆಂಡತಿ. ಕೇಸು ಯಾರ ಮೇಲೆ ಬೀಳುತ್ತದೆ? ಚೀಟಿ ಅಂಟಿಸಿದವನ ಮೇಲೆ ಅಲ್ಲ.

ಇನ್ನು ಪುಡಿಯಲ್ಲಿ ಏನೂ ಇಲ್ಲದೆ ಬರೀ ಒಣಗಿದ ಸೊಪ್ಪು ಇದ್ದರೆ? ದುಡ್ಡು ಹೋಯಿತು, ಅದಕ್ಕಿಂತ ಹೆಚ್ಚಾಗಿ ಬಿಡುತ್ತೇನೆ ಅಂತ ಅವನು ಒಪ್ಪಿಕೊಂಡಿದ್ದ ಒಂದು ದಿನ ಹೋಯಿತು. ಆ ದಿನ ಮತ್ತೆ ಯಾವಾಗ ಬರುತ್ತದೋ ದೇವರೇ ಬಲ್ಲ.

ಹಾಗಾದರೆ ಬಾಗಿಲುಗಳು ಎಲ್ಲಿವೆ

ಅಂಗಡಿಯವರು ಈ ಭಾಗವನ್ನು ಕತ್ತರಿಸಿ ಗಲ್ಲದ ಹತ್ತಿರ ಅಂಟಿಸಿಕೊಳ್ಳಬಹುದು.

ಮೊದಲ ಬಾಗಿಲು ಮಡಿಕೇರಿಯಲ್ಲೇ ಇದೆ. 2016ರಲ್ಲಿ ಇಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಯಿತು. ಅದರ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಉಂಟು. ಕುಡಿತ, ಗಾಂಜಾ, ಪುಡಿ, ಮಾತ್ರೆ ಎಲ್ಲದಕ್ಕೂ ಅದೇ ವಿಭಾಗ. ಮನೋವೈದ್ಯ ಅಂದ ತಕ್ಷಣ "ನಮ್ಮವನಿಗೇನು ಹುಚ್ಚಾ" ಅಂತ ಹಿಂದೆ ಸರಿಯುವವರೇ ಜಾಸ್ತಿ. ಹುಚ್ಚಲ್ಲ. ಚಟದ ಕಾಯಿಲೆ ನೋಡುವ ಡಾಕ್ಟರು ಅವರೇ, ಅಷ್ಟೇ. ಚೀಟಿ ಮಾಡಿಸುವಾಗ ಆಧಾರ್, ರೇಷನ್ ಕಾರ್ಡು ಇಟ್ಟುಕೊಳ್ಳಿ. ಜೊತೆಗೆ ಮನೆಯವರೊಬ್ಬರು ಇರಲಿ.

ಎರಡನೇ ಬಾಗಿಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದ್ದೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನು ನೋಡಿ 1996ರಿಂದ ದೇಶಕ್ಕೆಲ್ಲ ತಂದರು. ದೊಡ್ಡಾಸ್ಪತ್ರೆಗೆ ಬರಲಾಗದವರಿಗೆ ತಾಲ್ಲೂಕು ಮಟ್ಟದಲ್ಲೇ ಮನೋವೈದ್ಯರ ಸೇವೆ ಸಿಗಬೇಕು ಅನ್ನುವುದು ಇದರ ಉದ್ದೇಶ. ಕುಟ್ಟದವರು, ಶನಿವಾರಸಂತೆಯವರು, ಸಂಪಾಜೆಯವರು ತಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ, ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಮೂರನೇ ಬಾಗಿಲು ಫೋನು. 14416 ಅನ್ನುವುದು ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. 14446 ಅನ್ನುವುದು ಚಟ ಬಿಡಿಸುವ ವಿಷಯಕ್ಕೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ. ಇದಕ್ಕೂ ಕಾಸು ಬೇಡ. ಕುಡಿಯುವವನೇ ಮಾಡಬೇಕೆಂದಿಲ್ಲ, ಹೆಂಡತಿ ಮಾಡಬಹುದು, ಮಗ ಮಾಡಬಹುದು, ಅಂಗಡಿಯವರೂ ಮಾಡಬಹುದು.

ನಾಲ್ಕನೆಯದು ಶಿಬಿರ. 1982ರಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆ ಜೊತೆ ಸೇರಿ ರಾಜ್ಯದ ಊರೂರಿನಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತದೆ. ನಮ್ಮ ಜಿಲ್ಲೆಯಲ್ಲೂ ಮಾಡಿದೆ. ಸಾಮಾನ್ಯವಾಗಿ ಎಂಟು ದಿನ. ಊರಿನ ಕಲ್ಯಾಣ ಮಂಟಪದಲ್ಲೇ ಊಟ, ವಸತಿ, ಔಷಧಿ, ಬುದ್ಧಿಮಾತು. ಆಮೇಲೆ ಬಿಟ್ಟವರದ್ದೇ ನವಜೀವನ ಸಮಿತಿ. ಬಿಟ್ಟವನೇ ಬಿಡುವವನ ಕೈ ಹಿಡಿಯುವ ಈ ಏರ್ಪಾಡು ದೊಡ್ಡದು. ಉಜಿರೆಯಲ್ಲಿ ಅವರದ್ದೇ ವ್ಯಸನಮುಕ್ತಿ ಕೇಂದ್ರವೂ ಉಂಟು. ಆದರೆ ಒಂದು ಮಾತು. ಫಿಟ್ಸ್ ಬಂದವರು, ಕಾಮಾಲೆ ಆದವರು, ರಕ್ತ ವಾಂತಿ ಮಾಡಿದವರು ಶಿಬಿರಕ್ಕೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಬೇಕು.

ಐದನೆಯದು ಹೊರಜಿಲ್ಲೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಇವುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟದ ಕಾಯಿಲೆಗೇ ಪ್ರತ್ಯೇಕ ಕೇಂದ್ರವಿದೆ. ಆದರೆ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರು, ಬೆಂಗಳೂರು 250ರ ಮೇಲೆ. ರೈಲು ಈ ಜಿಲ್ಲೆಗೆ ಇಲ್ಲವೇ ಇಲ್ಲ. ದಿನಗೂಲಿಯವನಿಗೆ ಹೋಗಿ ಬರುವುದರೊಳಗೆ ಎರಡು ದಿನದ ಕೂಲಿ ಖೋತಾ. ಅದಕ್ಕೇ ಜಿಲ್ಲೆಯೊಳಗಿನ ಬಾಗಿಲು ಮೊದಲು ತಟ್ಟಿ ಅನ್ನುತ್ತೇವೆ.

ಕೊನೆಯದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಎ ಅನ್ನುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ ಕೂಟ ಈಗ ಲೋಕವೆಲ್ಲ ಹಬ್ಬಿದೆ. ಫೀಸಿಲ್ಲ, ಹೆಸರು ಬರೆಸಬೇಕಾಗಿಲ್ಲ. ಕುಡಿಯುವವರ ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಕೂಟವಿದೆ.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು

ತಿಂಗಳಿಗೆ ಇಷ್ಟು ಸಾವಿರ ಕೊಡಿ, ಗಾಡಿ ಕಳಿಸಿ ಎತ್ತಿಕೊಂಡು ಹೋಗುತ್ತೇವೆ ಅನ್ನುವ ಖಾಸಗಿ ಕೇಂದ್ರಗಳೂ ರಾಜ್ಯದಲ್ಲಿವೆ. ಒಳ್ಳೆಯವು ಖಂಡಿತ ಉಂಟು. ಕಟ್ಟಿಹಾಕಿ ಹೊಡೆದು ಬುದ್ಧಿ ಕಲಿಸುವ ಕೇಂದ್ರಗಳ ಸುದ್ದಿಯೂ ದೇಶದ ಹಲವು ಕಡೆಯಿಂದ ಬಂದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕುಡಿತ, ಡ್ರಗ್ಸ್ ಚಟದಿಂದಾಗುವ ಮಾನಸಿಕ ತೊಂದರೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಇಂಥ ಕೇಂದ್ರ ನಡೆಸಲು ನೋಂದಣಿ ಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಯಾವ ರೂಪದಲ್ಲೂ ಕೂಡದು ಅಂತ ಕಾಯ್ದೆಯಲ್ಲೇ ಬರೆದಿದೆ.

ಆದ್ದರಿಂದ ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನೋಂದಣಿ ಪತ್ರ ಎಲ್ಲಿ ತೋರಿಸಿ? ಡಾಕ್ಟರು ಯಾರು, ದಿನಾ ಬರುತ್ತಾರಾ? ಮನೆಯವರು ನೋಡಲು ಬರಬಹುದಾ, ಫೋನಿನಲ್ಲಿ ಮಾತಾಡಬಹುದಾ? ಕೊಟ್ಟ ಹಣಕ್ಕೆ ರಸೀತಿ ಉಂಟಾ? ಇದರಲ್ಲಿ ಒಂದಕ್ಕೆ ಸಿಡುಕಿನ ಉತ್ತರ ಬಂದರೂ ಎದ್ದು ಬನ್ನಿ. ಖಾಸಗಿಗೆ ಹಣ ಇಲ್ಲದವರು ಇನ್ನೊಂದು ವಿಷಯ ತಿಳಿದಿರಬೇಕು. ಕೇಂದ್ರ ಸರ್ಕಾರದ ಅನುದಾನದಲ್ಲಿ ಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. ಹತ್ತಿರದ್ದು ಯಾವುದು ಅಂತ 14446ಕ್ಕೆ ಫೋನ್ ಮಾಡಿ ಕೇಳಿ.

ಗಾಂಜಾ ಸೇದುವ ಹುಡುಗನ ಅಪ್ಪ ಅಮ್ಮನಿಗೆ ಪೊಲೀಸರ ಭಯ ಬೇರೆ. ಆಸ್ಪತ್ರೆಗೆ ಹೋದರೆ ಸ್ಟೇಷನ್ನಿಗೆ ಹೇಳಿಬಿಡುತ್ತಾರಾ ಅಂತ. ಡ್ರಗ್ಸ್ ವಿಷಯದ 1985ರ ಎನ್‌ಡಿಪಿಎಸ್ ಕಾಯ್ದೆ ಬಹಳ ಕಠಿಣವಾದದ್ದು ನಿಜ. ಆದರೆ ಅದರಲ್ಲೇ 64ಎ ಅನ್ನುವ ಕಲಂ ಉಂಟು. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ ಚಟದವನು ಸ್ವಂತ ಮನಸ್ಸಿನಿಂದ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಉಂಟು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸ್ ಹೋಗಬಹುದು. ಮಾರುವವನಿಗೆ ಈ ಕಲಂ ಅಲ್ಲ. ಸಿಕ್ಕಿಬಿದ್ದ ಹುಡುಗನಿಗೆ ಒಂದು ದಾರಿ ಬಿಟ್ಟಿದ್ದಾರೆ, ಅಷ್ಟೇ.

ಮನಸ್ಸಿದ್ದರೆ ಬಿಡ್ತಾನೆ ಅನ್ನುವವರಿಗೆ

ಅಂಗಡಿ ಜಗಲಿಯಲ್ಲಿ ಈ ಮಾತು ದಿನಾ ಕೇಳುತ್ತೇವೆ. ಮನಸ್ಸಿದ್ದರೆ ಬಿಡ್ತಾನೆ, ಇವನಿಗೆ ಮನಸ್ಸಿಲ್ಲ. ಸ್ವಾಮಿ, ಸಕ್ಕರೆ ಕಾಯಿಲೆಯವರಿಗೆ ಮನಸ್ಸಿದ್ದರೆ ಸಕ್ಕರೆ ಇಳಿಯುತ್ತದೆ ಅಂತ ಯಾರಾದರೂ ಹೇಳುತ್ತೇವಾ? ಮನಸ್ಸೂ ಬೇಕು, ಮಾತ್ರೆಯೂ ಬೇಕು, ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವುದೂ ಬೇಕು. ಇದೂ ಹಾಗೆಯೇ. ಒಮ್ಮೆ ಆಸ್ಪತ್ರೆಗೆ ಹೋಗಿ ಬಂದವನು ಮತ್ತೆ ಕುಡಿದರೆ ಚಿಕಿತ್ಸೆ ದಂಡವಾಯಿತು ಅಂತ ಅರ್ಥವಲ್ಲ. ಮತ್ತೆ ಬೀಳುವುದು ಈ ಕಾಯಿಲೆಯ ಗುಣ, ಮತ್ತೆ ಕರೆದುಕೊಂಡು ಹೋಗುವುದು ನಮ್ಮ ಕೆಲಸ.

ಅಂಗಡಿಯವರು, ತೋಟದ ಸಾಹುಕಾರರು ಮಾಡಬಹುದಾದ್ದು ತುಂಬ ಉಂಟು. ಕೆಲಸದವನು ಚಿಕಿತ್ಸೆಗೆ ಹೋಗುತ್ತೇನೆ ಅಂದ ದಿನ ಹತ್ತು ದಿನ ರಜ ಕೊಟ್ಟು, ಬಂದ ಮೇಲೆ ನಿನ್ನ ಕೆಲಸ ನಿನಗೇ ಅಂತ ಹೇಳಿ. ಅರ್ಧ ಔಷಧಿ ಅದೇ. ತೋಟದ ರೈಟರು, ಮೇಸ್ತ್ರಿಗಳು ಬಟವಾಡೆಯನ್ನು ವೈನ್‌ಶಾಪಿನ ಹತ್ತಿರ ಎಣಿಸಿ ಕೊಡುವ ಅಭ್ಯಾಸ ಎಲ್ಲಾದರೂ ಇದ್ದರೆ ಇವತ್ತೇ ನಿಲ್ಲಿಸಿ. ಬಿಟ್ಟು ಬಂದವನನ್ನು ಮದುವೆ ಮನೆಯಲ್ಲಿ "ಒಂದೇ ಒಂದು ಪೆಗ್ಗು, ಏನಾಗ್ತದೆ" ಅಂತ ಒತ್ತಾಯ ಮಾಡುವ ನೆಂಟರು ದಯಮಾಡಿ ಬಾಯಿ ಮುಚ್ಚಿಕೊಂಡಿರಿ.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ಕುಡಿಯುವ ಹೆಂಗಸರೂ ಇದ್ದಾರೆ, ತೋಟದಲ್ಲೂ ಇದ್ದಾರೆ, ಬಂಗಲೆಯಲ್ಲೂ ಇದ್ದಾರೆ. ಅವರು ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳುವುದಿಲ್ಲ. ನಾಚಿಕೆ ಅವರನ್ನು ಒಳಗೇ ಕೊಲ್ಲುತ್ತದೆ. ಅಂಥವರಿಗೆ 14416 ಮೊದಲ ಮೆಟ್ಟಿಲು. ಮನೆಯ ಮೂಲೆಯಿಂದಲೇ ಮಾತಾಡಬಹುದು.

ನಾವು ಕೇಳುವುದು ಇಷ್ಟೇ

ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತು. ಆ ಲೆಕ್ಕದಲ್ಲಿ ನಮ್ಮ ಲೈನ್‌ಮನೆಗಳ ಚಿಲ್ಲರೆಯೂ ಸೇರಿದೆ. ಮಾರಬೇಡಿ ಅಂತ ನಾವು ಇವತ್ತು ಕೇಳುತ್ತಿಲ್ಲ, ಕೇಳಿದರೂ ಯಾರೂ ಕೇಳುವುದಿಲ್ಲ. ಮಾರಿದ ದುಡ್ಡಿನಲ್ಲಿ ಒಂದಿಷ್ಟು ಬೋರ್ಡಿಗೆ ಕೊಡಿ ಅನ್ನುತ್ತೇವೆ.

ಜಿಲ್ಲೆಯ ಪ್ರತಿ ಬಸ್ ಸ್ಟ್ಯಾಂಡಿನಲ್ಲೂ, ಪ್ರತಿ ಸಂತೆಮಾಳದಲ್ಲೂ ದೊಡ್ಡ ಅಕ್ಷರದ ಕನ್ನಡ ಬೋರ್ಡು ಬೇಕು. ಕುಡಿತ ಬಿಡಬೇಕೆ, ಇಲ್ಲಿಗೆ ಬನ್ನಿ ಅಂತ. ಯಾವ ಆಸ್ಪತ್ರೆ, ಯಾವ ರೂಮು, ಯಾವ ದಿನ, ಎಷ್ಟು ಗಂಟೆಗೆ, ಯಾವ ಫೋನು. ಅದೇ ವಿವರ ವೈನ್‌ಶಾಪಿನ ಬಾಗಿಲ ಪಕ್ಕದಲ್ಲೂ ಇರಲಿ, ಬಸ್ಸಿನ ಸೀಟಿನ ಹಿಂದೆಯೂ ಇರಲಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಆಯಾ ಊರಿನ ಸಂತೆ ದಿನಕ್ಕೆ ಹೊಂದಿಸಿ. ಸಾಮಾನಿಗೆ ಬಂದವರು ಮಾತ್ರೆಯನ್ನೂ ತೆಗೆದುಕೊಂಡು ಹೋಗುತ್ತಾರೆ, ಒಂದು ದಿನದ ಕೂಲಿ ಉಳಿಯುತ್ತದೆ. ಮಾತ್ರೆ ಖಾಲಿ ಅನ್ನುವ ಉತ್ತರ ಎಲ್ಲೂ ಬರಬಾರದು, ಮಧ್ಯೆ ಮಾತ್ರೆ ತಪ್ಪಿದರೆ ಕಷ್ಟಪಟ್ಟದ್ದೆಲ್ಲ ಹೊಳೆಪಾಲು. ಕಂಬಕಂಬಕ್ಕೆ ಅಂಟಿದ ಹಳದಿ ಚೀಟಿ ಕಿತ್ತುಹಾಕಲು ಯಾವ ಬಜೆಟ್ಟೂ ಬೇಡ, ಪಂಚಾಯಿತಿಯವರ ಕೈ ಸಾಕು.

ಇಂಥ ಬೋರ್ಡು ಹಾಕಿದರೆ ಪ್ರವಾಸಿಗರ ಎದುರು ಜಿಲ್ಲೆಯ ಮಾನ ಹೋಗುತ್ತದೆ ಅನ್ನುವವರು ಬರುತ್ತಾರೆ. ಬ್ರಾಂದಿ ಅಂಗಡಿಯ ಬಣ್ಣದ ಲೈಟಿಗೆ ಹೋಗದ ಮಾನ, ಆಸ್ಪತ್ರೆಯ ಬೋರ್ಡಿಗೆ ಹೋಗುತ್ತದೆಯೇ?

ಆ ಹೆಂಗಸಿನ ವಿಷಯಕ್ಕೆ ಬರೋಣ. ನಾಲ್ಕು ವಿಳಾಸ ಕೇಳಿ ಆಕೆ ಅಳುವ ಹಾಗೆ ನಿಂತಿದ್ದಾಗ, ನಮಗೆ ತಡವಾಗಿ ಮೆಡಿಕಲ್ ಕಾಲೇಜಿನ ನೆನಪಾಯಿತು. ಕಂಡಕ್ಟರೇ ತಮ್ಮ ಬಸ್ಸಿಗೆ ಹತ್ತಿಸಿ ಮುಂದಿನ ಸೀಟು ಬಿಡಿಸಿ ಕೊಟ್ಟರು. ಗೂಡಂಗಡಿಯವರು ದಾರಿಗೆ ಬಾಳೆಹಣ್ಣು ಕಟ್ಟಿಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಊರುಗಳಲ್ಲಿ ಮನಸ್ಸಿಗೆ ಬರ ಇಲ್ಲ, ಮಾಹಿತಿಗೆ ಬರ.

ಅವನನ್ನು ಸೇರಿಸಿಕೊಂಡರು. ಹತ್ತು ದಿನ ಬಿಟ್ಟು ನಡುಕವಿಲ್ಲದ ಕೈಯಲ್ಲಿ ಚೀಲ ಹಿಡಿದು ಇಳಿದ. ಎರಡೂವರೆ ತಿಂಗಳು ಚೆನ್ನಾಗಿದ್ದ. ಆಮೇಲೆ ಒಂದು ಮದುವೆಯಲ್ಲಿ ಮತ್ತೆ ಬಿದ್ದ. ಮೊನ್ನೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ, ತಲೆ ತಗ್ಗಿಸಿಕೊಂಡು. ಈ ಸಲ ಹೆಂಡತಿ ಯಾರ ಹತ್ತಿರವೂ ದಾರಿ ಕೇಳಲಿಲ್ಲ. "ಮಡಿಕೇರಿ ಎರಡು ಟಿಕೆಟ್" ಅಂದಳು, ಅಷ್ಟೇ.

ಉಳಿದವರಿಗೂ ಆ ಟಿಕೆಟ್ ಎಲ್ಲಿಗೆ ತೆಗೆಯಬೇಕು ಅಂತ ಗೊತ್ತಾಗುವ ಹಾಗೆ ಒಂದು ಬೋರ್ಡು ಹಾಕಲು ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?